ತವರಿಗೆ ಹೋಗಲಾಗದ ಪಂಚಮಿ: ಪುಣೆಯಲ್ಲಿ ಕಲಿತ ಪಾಠಗಳು

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರು. ಯುಗಾದಿ, ದೀಪಾವಳಿ ಗಂಡನ ಮನೆಯಲ್ಲಾದರೂ ನಡೆದೀತು. ಶ್ರಾವಣ ಶುದ್ಧ ಪಂಚಮಿಗೆ ಮಾತ್ರ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ಅವ್ವನ ಕೈಯ ಉಂಡಿ ತಿನ್ನಬೇಕು, ಬೇವಿನ ಮರದ ಜೋಕಾಲಿ ಜೀಕಬೇಕು. ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ದಾರಿ ಅಂಥ ದೂರದ್ದಲ್ಲ. ಸೊಲ್ಲಾಪುರ, ವಿಜಯಪುರ ದಾಟಿದರೆ ನಮ್ಮ ಸೀಮೆ. ಮುಂಬೈಯಿಂದ ಗದಗಿನ ಕಡೆ ಹೋಗುವ ರೈಲು ಪುಣೆಯ ಮೇಲೇ ಹಾಯುತ್ತದೆ. ಆದರೆ ಶ್ರಾವಣದ ಹೊತ್ತಿಗೆ ಮಕ್ಕಳ ಶಾಲೆಯಲ್ಲಿ ಮೊದಲ ಪರೀಕ್ಷೆ, ಕಂಪನಿಯ ರಜೆಪಟ್ಟಿಯಲ್ಲಿ ಪಂಚಮಿಯ ಹೆಸರಿಲ್ಲ, ಊರಲ್ಲಿ ಅಣ್ಣನಿಗೆ ಹೊಲದ ಕೆಲಸ. ಹೀಗಾಗಿ ಹೆಚ್ಚಿನ ವರ್ಷ ನನ್ನ ಪಂಚಮಿ ಇಲ್ಲೇ ಆಗಿದೆ. ಮಾಡುತ್ತ ಮಾಡುತ್ತ ತಿಳಿದದ್ದನ್ನು ನನ್ನಂತೆ ಊರು ಬಿಟ್ಟು ಬಂದ ಅಕ್ಕತಂಗಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕರೆಯಿರಿ, ಒಲೆ ಆಮೇಲೆ ಹಚ್ಚಿರಿ

ಪರಊರಲ್ಲಿ ಹಬ್ಬ ಎಂದ ಕೂಡಲೇ ನಮ್ಮ ತಲೆ ಓಡುವುದು ಸಾಮಾನಿನ ಚೀಟಿಯ ಕಡೆಗೆ. ಎಳ್ಳು ಎಷ್ಟು, ಬೆಲ್ಲ ಎಷ್ಟು, ಕೊಬ್ಬರಿ ಎಲ್ಲಿ ಸಿಗುತ್ತದೆ ಎಂದು. ಪಂಚಮಿಯ ಜೀವ ಅದರಲ್ಲಿಲ್ಲ. ಯಾರೋ ಒಬ್ಬರು ನಮ್ಮನ್ನು ಹುಡುಕಿಕೊಂಡು ಬಂದು "ನಡಿ, ಹಬ್ಬಕ್ಕ ಬಾ" ಎಂದು ಕರೆಯುತ್ತಾರಲ್ಲ, ಜೀವ ಇರುವುದು ಅಲ್ಲಿ. ಉಂಡಿ ಅಂಗಡಿಯಲ್ಲೂ ಸಿಗುತ್ತವೆ, ಕರೆ ಸಿಗುವುದಿಲ್ಲ. ಆದ್ದರಿಂದ ನನ್ನನ್ನು ಕರೆಯಲು ಯಾರು ಬರುತ್ತಾರೆ ಎಂದು ದಾರಿ ಕಾಯುವ ಬದಲು ನಾನೇ ಯಾರನ್ನು ಕರೆಯಬಹುದು ಎಂದು ನೋಡತೊಡಗಿದೆ. ಪುಣೆಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೇನು ಬರವೆ? ಹಿಂಜವಡಿಯ ಕಂಪನಿಗಳಿಗೆ ಹೋಗುತ್ತ ವಾಕಡದ ಪಿ.ಜಿ.ಗಳಲ್ಲಿ ಇರುವ ಧಾರವಾಡ, ಬೆಳಗಾವಿಯ ಹುಡುಗಿಯರಿದ್ದಾರೆ. ದವಾಖಾನೆಗಳಲ್ಲಿ ನರ್ಸ್ ಆಗಿರುವವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ಊರಿನ ಎತ್ತರದ ಕಟ್ಟಡಗಳನ್ನು ಕಟ್ಟುತ್ತಿರುವ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹೆಂಗಸರಿದ್ದಾರೆ. ವಾಘೋಲಿಯ ಕಡೆ ಯಾವ ಸೈಟಿನ ತಗಡಿನ ಶೆಡ್ಡುಗಳ ನಡುವೆ ಹಾದುಹೋದರೂ ಕನ್ನಡ ಕಿವಿಗೆ ಬೀಳುತ್ತದೆ.

ಕರೆಯುವುದನ್ನು ಫೋನಿನಲ್ಲಿ ಮುಗಿಸಬೇಡಿ. ನಮ್ಮ ಮನೆಯಲ್ಲಿ ಈ ಕೆಲಸ ಗಂಡುಮಕ್ಕಳದು. ನನ್ನ ಮಗ ಮತ್ತು ಅವನ ಗೆಳೆಯರು ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಪಿ.ಜಿ.ಯ ಗೇಟಿಗೂ ಹೋಗುತ್ತಾರೆ, ಶೆಡ್ಡಿನ ಬಾಗಿಲಿಗೂ ಹೋಗುತ್ತಾರೆ. "ಅಕ್ಕಾ, ಪಂಚಮಿಗೆ ಕರಿಯಾಕ ಬಂದೇವಿ, ನಮ್ಮನಿಗೆ ಬರಬೇಕ" ಎಂದು ನಿಂತು ಕರೆಯುತ್ತಾರೆ. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗರು ಅಣ್ಣತಮ್ಮಂದಿರ ಪಾಲಿನ ಕೆಲಸ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೊದಲ ಸಲ ಹೀಗೆ ಹೋದಾಗ ಸಿಂದಗಿ ಕಡೆಯ ಒಬ್ಬ ಹೆಂಗಸು, ತಲೆಯ ಮೇಲಿನ ಸಿಮೆಂಟಿನ ಪುಟ್ಟಿಯನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು, ಸೆರಗು ಹೊದ್ದು ಕುಂಕುಮ ಹಚ್ಚಿಸಿಕೊಂಡಳಂತೆ. ಆಮೇಲೆ ಪಕ್ಕದವಳಿಗೆ, "ನನ್ನ ತಮ್ಮ ಬಂದಾನ ನೋಡ" ಎಂದಳಂತೆ. ಮಗ ಮನೆಗೆ ಬಂದು ಇದನ್ನು ಹೇಳುವಾಗ ಅವನ ದನಿಯೇ ಬೇರೆಯಾಗಿತ್ತು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಗಂಡ ತೀರಿಕೊಂಡವರನ್ನು, ಗಂಡನನ್ನು ಬಿಟ್ಟು ಬಂದವರನ್ನು, ಮದುವೆಯಾಗದೆ ಉಳಿದವರನ್ನು ಕರೆಯದೆ ಬಿಡಬೇಡಿ. ಪಂಚಮಿ ಮುತ್ತೈದೆಯರ ಹಬ್ಬವಲ್ಲ, ಮಗಳಂದಿರ ಹಬ್ಬ. ಮಗಳಾಗಿರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

2. ಎಲ್ಲ ಉಂಡಿಗಳ ಬೆನ್ನು ಹತ್ತಬೇಡಿ

ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ತಂಬಿಟ್ಟು, ಬೂಂದಿ, ಬಾಣಂತಿಗೆಂದು ಅಂಟಿನ ಉಂಡಿ, ಎಲ್ಲಕ್ಕೂ ಮುಂದೆ ಅಳ್ಳಿಟ್ಟಿನ ಉಂಡಿ. ಊರಲ್ಲಿ ಇಷ್ಟೂ ಆಗುವುದು ಓಣಿಯ ಹೆಂಗಸರೆಲ್ಲ ಒಬ್ಬರ ಮನೆಯಲ್ಲಿ ಕೂತು ಕಟ್ಟಿ, ನಾಳೆ ಇನ್ನೊಬ್ಬರ ಮನೆಯಲ್ಲಿ ಕೂರುವುದರಿಂದ. ಎರಡು ಬರ್ನರಿನ ಅಡುಗೆಮನೆಯಲ್ಲಿ ಒಬ್ಬಳೇ ಇದನ್ನೆಲ್ಲ ಮಾಡಹೊರಟರೆ ಹಬ್ಬದ ದಿನ ಬೆನ್ನು ಹಾಸಿಗೆ ಹಿಡಿಯುತ್ತದೆ. ಮೂರು ಬಗೆ ಸಾಕು. ಶೇಂಗಾ, ಎಳ್ಳು, ಅಳ್ಳಿಟ್ಟು.

ಅಳ್ಳಿಟ್ಟನ್ನು ಮಾತ್ರ ಬಿಡಬೇಡಿ. ಬೇರೆಲ್ಲ ಉಂಡಿ ವರ್ಷದ ಉಳಿದ ದಿನಗಳಲ್ಲೂ ಆಗುತ್ತವೆ, ಇದು ಪಂಚಮಿಯದೇ. ಬಿಳಿಜೋಳಕ್ಕೆ ಬಿಸಿನೀರು ಚಿಮುಕಿಸಿ, ಅರಿವೆಯಲ್ಲಿ ಕಟ್ಟಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿ, ಅರಿವೆಯ ಗಂಟಿನಿಂದ ಆಡಿಸಿದರೆ ಅಳ್ಳು ಮಲ್ಲಿಗೆ ಮೊಗ್ಗಿನಂತೆ ಬಿರಿಯುತ್ತದೆ. ಬಾಣಲೆ ಕಡಿಮೆ ಕಾದಿದ್ದರೆ ಜೋಳ ಸುಮ್ಮನೆ ಹುರಿಯುತ್ತದೆ, ಬಿರಿಯುವುದಿಲ್ಲ. ಅಪಾರ್ಟ್‌ಮೆಂಟಿನ ಗ್ಯಾಸಿನಲ್ಲಿ ಇದು ಕಷ್ಟವೆನಿಸಿದರೆ ಪುಣೆಯಲ್ಲಿ ಒಂದು ಅನುಕೂಲವಿದೆ. ಮರಾಠಿ ಮನೆಗಳಲ್ಲೂ ನಾಗಪಂಚಮಿಗೆ ಜೋಳದ ಅಳ್ಳು ಬೇಕು. ಅವರು ಅದನ್ನು ಲಾಹ್ಯಾ ಎನ್ನುತ್ತಾರೆ. ಶ್ರಾವಣ ಹುಟ್ಟಿದ ಕೂಡಲೇ ಮಹಾತ್ಮಾ ಫುಲೆ ಮಂಡಈಯ ಸುತ್ತಲಿನ ಚುರಮುರಿ ಪುಟಾಣಿ ಅಂಗಡಿಗಳಲ್ಲಿ ಅದರ ರಾಶಿ ಬೀಳುತ್ತದೆ. 1886ರಲ್ಲಿ ರೇ ಮಾರ್ಕೆಟ್ ಎಂಬ ಹೆಸರಿನಿಂದ ಶುರುವಾದ ಆ ಮಂಡಈಯ ಕಲ್ಲಿನ ಕಮಾನುಗಳ ಕೆಳಗೆ ನಿಂತು ಒಂದು ಹಿಡಿ ಲಾಹ್ಯಾ ಬಾಯಿಗೆ ಹಾಕಿಕೊಂಡರೆ ನಾಲಿಗೆಗೆ ಗೊತ್ತಾಗುತ್ತದೆ, ಇದು ನಮ್ಮ ಜೋಳವೇ ಎಂದು.

ಅಳ್ಳನ್ನು ಜರಡಿ ಹಿಡಿದು, ಬಿರಿಯದ ಕಾಳು ತೆಗೆದು ಬೀಸಿ. ಬೀಸಿದ ದಿನವೇ ಉಂಡಿ ಕಟ್ಟಿ. ಶ್ರಾವಣದಲ್ಲಿ ಪುಣೆಯ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಅಳ್ಳಿಟ್ಟು ಒಂದು ರಾತ್ರಿಯಲ್ಲಿ ತೇವ ಹಿಡಿದು ಮುದ್ದೆಯಾಗುತ್ತದೆ. ಬಾಗಲಕೋಟೆಯ ಒಣ ಹವೆಯಲ್ಲಿ ಅವ್ವನಿಗೆ ಈ ಚಿಂತೆ ಇರಲಿಲ್ಲ, ಹಾಗಾಗಿ ಅವಳು ಹೇಳಿಕೊಟ್ಟೂ ಇರಲಿಲ್ಲ. ಹಿಟ್ಟಿನ ಅರ್ಧ ಅಳತೆಯ ಬೆಲ್ಲ ಸಾಕು. ಪಾಕ ಎಳೆ ಬರುವ ಹೊತ್ತಿಗೆ ಇಳಿಸಿ, ಅಳ್ಳಿಟ್ಟು, ಪುಟಾಣಿ ಹಿಟ್ಟು, ಹೆರೆದ ಒಣಕೊಬ್ಬರಿ, ಗಸಗಸೆ, ಒಣಶುಂಠಿ, ಯಾಲಕ್ಕಿ ಸೇರಿಸಿ ಬಿಸಿ ಇರುವಾಗಲೇ ತುಪ್ಪದ ಕೈಯಿಂದ ಕಟ್ಟಬೇಕು. ಬೆಲ್ಲಕ್ಕೆ ನಾನು ಮಹಾಲಿಂಗಪುರದ್ದನ್ನು ತರಿಸುತ್ತೇನೆ. ಇಲ್ಲಿ ಎಲ್ಲೆಡೆ ಸಿಗುವ ಕೊಲ್ಲಾಪುರದ ಬೆಲ್ಲವೂ ಒಳ್ಳೆಯದೇ. ಆದರೆ ಅಂಗಡಿಯವನಿಗೆ "ಚಿಕ್ಕಿ ಗೂಳ ಬೇಡ, ಸಾದಾ ಕೊಡಿ" ಎಂದು ಹೇಳಿ. ಚಿಕ್ಕಿಯ ಬೆಲ್ಲ ಹಾಕಿದರೆ ಉಂಡಿ ಕಲ್ಲಾಗುತ್ತದೆ, ಮುದುಕರ ಹಲ್ಲಿಗೆ ಕೆಲಸ.

3. ರೊಟ್ಟಿ ಹಬ್ಬದ ದಿನ ಬಾಗಿಲು ತಟ್ಟಿರಿ

ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು. ಅದಕ್ಕೇ ರೊಟ್ಟಿಯ ಕೆಲಸವೆಲ್ಲ ಮೊದಲೇ ಮುಗಿಯುತ್ತದೆ, ಆ ದಿನವೇ ರೊಟ್ಟಿ ಹಬ್ಬ. ಕ್ರಮ ಊರಿಂದೂರಿಗೆ ಒಂದೆರಡು ದಿನ ಆಚೀಚೆ ಆಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಕಟಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಚಟ್ನಿ. ಇವನ್ನು ಮನೆಮನೆಗೆ ಕೊಟ್ಟು ಅವರ ಮನೆಯದನ್ನು ತರುವುದೇ ಹಬ್ಬ. ನಾನು ಕರೆಯುವ ಹುಡುಗಿಯರಲ್ಲಿ ವಿಜಯಪುರದ ಮುಸ್ಲಿಂ ಮನೆತನದವಳೊಬ್ಬಳಿದ್ದಾಳೆ. ಅವಳ ಓಣಿಯಲ್ಲಿ ಈ ದಿನ ರೊಟ್ಟಿ ಬಾರದ ಮನೆಯೇ ಇಲ್ಲವಂತೆ. ಪುಣೆಗೆ ಬಂದ ಮೊದಲ ವರ್ಷ ಅವಳಿಗೆ ಬಹಳ ನೆನಪಾದದ್ದು ಈ ರೊಟ್ಟಿಯಂತೆ.

ಜೋಳದ ಬಗ್ಗೆ ಇಲ್ಲಿ ಕೊರಗುವ ಕಾರಣವಿಲ್ಲ. ಸೊಲ್ಲಾಪುರ ಜಿಲ್ಲೆಯ ಮಾಲದಂಡಿ ಜೋಳ ಪುಣೆಯ ಎಲ್ಲ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ವಿಜಯಪುರದ ಹೊಲಗಳಲ್ಲಿ ಬೆಳೆಯುವುದೂ ಅದೇ. ಅದರಲ್ಲೂ ಮಂಗಳವೇಢೆಯ ಜೋಳ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುಂಚೆ ಬಿಜ್ಜಳನ ಕರಣಿಕರಾಗಿದ್ದ ಊರದು. ಅಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಗಿರಣಿಯಲ್ಲಿ ಬೀಸಿಸುವಾಗ ಗೋದಿಯ ಹಿಂದೆಯೇ ಹಾಕಿಸಬೇಡಿ, ರೊಟ್ಟಿ ಬಿರಿಯುತ್ತದೆ. ಪ್ಯಾಕೆಟ್ಟಿನ ಹಳೆಯ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ, ಬಡಿಯಲು ಬರುವುದಿಲ್ಲ.

ರೊಟ್ಟಿ ಬಡಿಯುವ ಗುರುಗಳು ಬೇಕೆಂದರೆ ಶೆಡ್ಡಿಗೆ ಹೋಗಿ. ಸೆಂಟ್ರಿಂಗ್ ಕಟ್ಟಿಗೆಯ ಚೂರು ಉರಿಸಿ, ಮೂರು ಕಲ್ಲಿನ ಒಲೆಯ ಮೇಲೆ ಅವರು ಬಡಿಯುವ ರೊಟ್ಟಿಯ ಅಂಚು ಎಲ್ಲಿಯೂ ದಪ್ಪವಿರುವುದಿಲ್ಲ. ಈಗ ನಮ್ಮ ಸೊಸೈಟಿಯ ರೊಟ್ಟಿ ಹಬ್ಬಕ್ಕೆ ರೊಟ್ಟಿ ಅಲ್ಲಿಂದ ಬರುತ್ತದೆ, ಪಲ್ಯ ಹಿಂಡಿ ಇಲ್ಲಿಂದ ಹೋಗುತ್ತದೆ. ಹಣಕ್ಕೆ ತೆಗೆದುಕೊಳ್ಳುವ ರೊಟ್ಟಿಯೇ ಬೇರೆ, ಹಬ್ಬದ ರೊಟ್ಟಿಯೇ ಬೇರೆ. ವರ್ಷವಿಡೀ ಅವರಿಂದ ರೊಟ್ಟಿ ಕೊಳ್ಳುವವರು ಈ ಒಂದು ದಿನ ಹಣ ಕೊಡಬೇಡಿ, ಸಾಟಿ ಮಾಡಿ. ಅವರ ಮನೆಗೂ ನಮ್ಮ ಮನೆಗೂ ಆ ಮರ್ಯಾದೆ ಬೇಕು.

4. ರಜೆಯನ್ನು ಯುಗಾದಿಗೇ ಬರೆದಿಡಿ

ಪಂಚಮಿ 2023ರಲ್ಲಿ ಆಗಸ್ಟ್ 21ಕ್ಕೆ ಬಂತು, ಆ ವರ್ಷ ಅಧಿಕ ಶ್ರಾವಣವಿತ್ತು. 2024ರಲ್ಲಿ ಆಗಸ್ಟ್ 9, 2025ರಲ್ಲಿ ಜುಲೈ 29. ಪ್ರತಿ ವರ್ಷ ಹೀಗೆ ಸರಿಯುವ ದಿನವನ್ನು ಆಫೀಸು ನೆನಪಿಟ್ಟುಕೊಳ್ಳುವುದಿಲ್ಲ. ಮಹಾರಾಷ್ಟ್ರದ ಪಂಚಮಿಯೂ ಅದೇ ದಿನ ಬರುವುದರಿಂದ ಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲೂ ಅದು ಸಿಗುತ್ತದೆ. ಹೊಸ ಕ್ಯಾಲೆಂಡರ್ ಗೋಡೆಗೆ ಹಾಕಿದ ದಿನವೇ ಗುರುತು ಹಾಕಿ. ದುಡಿಯುವ ಹುಡುಗಿಯರಿಗೂ ಆಗಲೇ ತಿಳಿಸಿ.

5. ಈ ಊರಿಗೂ ಪಂಚಮಿ ಇದೆ, ಅದನ್ನು ಮನೆಯೊಳಗೆ ಬಿಡಿ

ಹೊಸದಾಗಿ ಬಂದವರು "ಇಲ್ಲಿ ನಮ್ಮ ಪಂಚಮಿ ಇಲ್ಲ" ಎಂದು ಮುಖ ಸಣ್ಣದು ಮಾಡುತ್ತಾರೆ. ನಿಮ್ಮ ಎದುರು ಮನೆಯ ಮರಾಠಿ ಕಾಕೂ ಅವರನ್ನು ಕೇಳಿ ನೋಡಿ. ನಾಗಚೌತಿಯ ದಿನ ಅವರು ಅಣ್ಣತಮ್ಮಂದಿರಿಗಾಗಿ ಉಪವಾಸ ಇರುತ್ತಾರೆ. ಸತ್ಯೇಶ್ವರಿ ಎಂಬಾಕೆಯ ಅಣ್ಣ ಸತ್ಯೇಶ್ವರ ಪಂಚಮಿಯ ಹಿಂದಿನ ದಿನ ತೀರಿಕೊಂಡ, ಅವಳು ಅನ್ನ ಬಿಟ್ಟು ಕೂತಳು, ನಾಗನಲ್ಲಿ ಅಣ್ಣನನ್ನು ಕಂಡಳು ಎಂದು ಅವರ ಕಥೆ. ಅಣ್ಣತಂಗಿಯ ಹಬ್ಬ ಎಂಬ ಬುಡ ಒಂದೇ. ಅವರಲ್ಲೂ ಪಂಚಮಿಯಂದು ಹೆಚ್ಚುವುದಿಲ್ಲ, ಹಂಚು ಇಡುವುದಿಲ್ಲ. ನಾವು ಕುಚ್ಚಿದ ಕಡಬು ಮಾಡಿದರೆ ಅವರು ಹೂರಣ ಮಡಿಚಿಟ್ಟ ದಿಂಡ ಹಬೆಯಲ್ಲಿ ಬೇಯಿಸುತ್ತಾರೆ. ಒಳಗಿನ ಕಡಲೆಬೇಳೆ, ಬೆಲ್ಲ ಒಂದೇ, ಮಡಿಕೆ ಬೇರೆ.

ಮಂಗಳಾಗೌರಿಯ ಆಟಗಳು ಕೂಡ ಇದೇ ತಿಂಗಳಿನವು. ಝಿಮ್ಮಾ, ಫುಗಡಿ ಆಡಿ ಬೆಳೆದ ಹಿರಿಯ ಕಾಕೂಗಳು ನಮ್ಮ ಸೊಸೈಟಿಯಲ್ಲಿದ್ದಾರೆ. ನಾವು ಅವರಿಗೆ ಉಂಡಿ ಕೊಟ್ಟರೆ ಅವರು ನಮ್ಮ ಹುಡುಗಿಯರಿಗೆ ಫುಗಡಿ ಕಲಿಸುತ್ತಾರೆ. ಮಂಡಿ ನೋವಿನ ಎಪ್ಪತ್ತರ ಹೆಂಗಸು ಎರಡೂ ಕೈ ಹಿಡಿದು ಗಿರ್ರನೆ ತಿರುಗುವುದನ್ನು ನೋಡಿದವರಿಗೆ ಹೊರಗಿನವರು, ಒಳಗಿನವರು ಎಂಬ ಲೆಕ್ಕ ಮರೆತೇಹೋಗುತ್ತದೆ. ಗಡಿಯ ಹೆಸರಿನಲ್ಲಿ ಪತ್ರಿಕೆಗಳಲ್ಲಿ ಏನೇ ಬರಲಿ, ಶ್ರಾವಣದ ಅಡುಗೆಮನೆಯಲ್ಲಿ ಕನ್ನಡ ಮರಾಠಿ ಒಂದೇ ಮಣೆಯ ಮೇಲೆ ಕೂತಿರುತ್ತವೆ. ಇದನ್ನು ನಾನು ಪೂರ್ತಿ ನಂಬಿ ಬರೆಯುತ್ತಿದ್ದೇನೆ.

ಕನ್ನಡ ಸಂಘದಂಥ ಸಂಸ್ಥೆ ಪುಣೆಯಲ್ಲಿದೆ, ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಕನ್ನಡ ಮಾಧ್ಯಮದ ಶಾಲೆಯನ್ನು ಅದು ನಡೆಸುತ್ತಿದೆ. ಊರು ದೊಡ್ಡದಾದಂತೆ ಇಂಥ ಆಸರೆ ಬೇಕೇ ಬೇಕು. ಆದರೆ ಪಂಚಮಿಯನ್ನು ಸಭಾಭವನಕ್ಕೆ ಒಯ್ಯಬೇಡಿ. ಅದಕ್ಕೆ ಹೊಸ್ತಿಲು ಬೇಕು.

6. ಜೋಕಾಲಿಗೆ ಆಷಾಢದಲ್ಲೇ ಜಾಗ ಹುಡುಕಿ

ಜೋಕಾಲಿ ಇಲ್ಲದ ಪಂಚಮಿ ನನಗೆ ಅರ್ಧ ಪಂಚಮಿ. ಸೊಸೈಟಿಯ ತೋಟದಲ್ಲಿರುವ ಕಬ್ಬಿಣದ ಉಯ್ಯಾಲೆ ಚಿಕ್ಕ ಮಕ್ಕಳ ತೂಕಕ್ಕೆ ಮಾಡಿದ್ದು, ಅದರ ಮೇಲೆ ದೊಡ್ಡವರು ಕೂರಬಾರದು. ಕೆಳಗಿನ ಪಾರ್ಕಿಂಗಿನ ತೊಲೆಗೆ ಕೊಕ್ಕೆ ಹಾಕಿಸಬಹುದು, ಆದರೆ ಅದಕ್ಕೆ ಕಮಿಟಿಯ ಒಪ್ಪಿಗೆ, ವೆಲ್ಡಿಂಗಿನವನು, ಗಾಡಿ ತೆಗೆಸುವ ಗಲಾಟೆ ಎಲ್ಲ ಇರುತ್ತದೆ. ಒಂದು ತಿಂಗಳು ಮೊದಲೇ ಮಾತು ತೆಗೆಯಿರಿ. ಹಗ್ಗ ದಪ್ಪನೆಯ ನಾರಿನದೋ ನೂಲಿನದೋ ಇರಲಿ. ನೈಲಾನು ಮಳೆಯಲ್ಲಿ ಜಾರುತ್ತದೆ, ಅಂಗೈ ಕೊಯ್ಯುತ್ತದೆ. ಮೊದಲು ಎರಡು ಅಕ್ಕಿಚೀಲ ಹೇರಿ ಜೀಕಿಸಿ ನೋಡಿ, ಆಮೇಲೆ ಮಂದಿ ಹತ್ತಲಿ.

ನಾವು ಜೀಕಿದ ಅತಿ ಒಳ್ಳೆಯ ಜೋಕಾಲಿ ಕಟ್ಟಿದ್ದು ಶೆಡ್ಡಿನ ಗಂಡಸರು. ಸೈಟಿನ ಹಿಂಬದಿಗೆ ಒಂದು ಹಳೆಯ ಬೇವಿನ ಮರ ಉಳಿದಿತ್ತು. ಪರಾಂಚಿ, ಅಂದರೆ ಸಾರುವೆ, ಕಟ್ಟುವವರಿಗೆ ಹಗ್ಗದ ಗಂಟಿನ ಮರ್ಮ ಯಾರೂ ಹೇಳಿಕೊಡಬೇಕಿಲ್ಲ. ಟೊಂಗೆಗೆ ಮೊದಲು ಗೋಣಿತಾಟು ಸುತ್ತಿ, ಅದರ ಮೇಲೆ ಹಗ್ಗ ಬಿಗಿದು, ಇಬ್ಬರು ಜೋತುಬಿದ್ದು ನೋಡಿ, "ಈಗ ಜೀಕ್ರಿ ಅಕ್ಕಾರ" ಎಂದರು. ಸಾಫ್ಟ್‌ವೇರ್ ಹುಡುಗಿಯೂ ಸಿಮೆಂಟು ಹೊರುವವಳೂ ಎದುರುಬದುರು ನಿಂತು ಹಲಗೆ ಮೆಟ್ಟಿ ಜೀಕಿದರು. ಒಬ್ಬಳ ಊರು ಇಂಡಿ, ಇನ್ನೊಬ್ಬಳದು ಅದರ ಪಕ್ಕದ ಹಳ್ಳಿ, ಅದು ಗೊತ್ತಾದದ್ದೂ ಜೋಕಾಲಿಯ ಮೇಲೆಯೇ. ಅದೇ ಹೊತ್ತಿಗೆ ಕೆಳಗೆ ಗಂಡುಹುಡುಗರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿದ್ದರು, ಚಿಕ್ಕವರು ಕೊಬ್ಬರಿ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ಗಿರಗಿರ ತಿರುಗಿಸುತ್ತಿದ್ದರು.

7. ಹಾಲೆರೆಯುವಾಗ ಹೆಸರು ಬಿಡಬೇಡಿ

ನಾಗಪ್ಪನನ್ನು ಮಣ್ಣಿನಲ್ಲಿ ಮಾಡಿ. ಹುತ್ತದ ಮಣ್ಣು ಹುಡುಕಿ ಅಲೆಯಬೇಕಿಲ್ಲ. ಗಣಪತಿ ಮಾಡುವ ಕುಂಬಾರರು ಈ ಹೊತ್ತಿಗೆ ಊರ ತುಂಬ ಕೂತಿರುತ್ತಾರೆ, ಅವರಲ್ಲಿ ಹದವಾದ ಮಣ್ಣು ಸಿಗುತ್ತದೆ. ಅರಿಷಿಣ ಹಚ್ಚಿದ ನೂಲು, ಅಳ್ಳು, ನೆನೆಸಿದ ಕಡಲೆ, ಒಣಕೊಬ್ಬರಿ, ಬೆಲ್ಲ. ಆಮೇಲೆ ಕೊಬ್ಬರಿ ಬಟ್ಟಲಿನಿಂದ ಹನಿಹನಿ ಹಾಲೆರೆಯುತ್ತ, ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಬೇಕು. ದೂರ ಇರುವವರಿಗೆ ಈ ಹಬ್ಬ ಕೊಡುವ ದೊಡ್ಡ ಅನುಕೂಲ ಇದೇ. ಊರಲ್ಲಿರುವ ಅಣ್ಣನ ಪಾಲು, ದುಬೈಯಲ್ಲಿರುವ ತಂಗಿಯ ಪಾಲು, ತೀರಿಕೊಂಡ ಅಜ್ಜಿಯ ಪಾಲು, ಸೀಮಂತವಾದ ಸೊಸೆಯ ಹೊಟ್ಟೆಯ ಕೂಸಿನ ಪಾಲು. ಮನೆಗೆ ಬಂದ ಹುಡುಗಿಯರೂ ತಮ್ಮ ತಮ್ಮವರ ಹೆಸರು ಹೇಳಿ ಎರೆಯಲಿ. ಆ ಹೊತ್ತು ಫೋನು ಬದಿಗಿರಲಿ. ವಿಡಿಯೋದಲ್ಲಿ ಅವ್ವ ಎದುರಿಗಿದ್ದರೆ ಅವಳ ಹೆಸರು ಹೇಳಲು ನಾಚಿಕೆಯಾಗುತ್ತದೆ. ಇಲ್ಲದಿದ್ದರೆ ಮನಸ್ಸು ಬಿಚ್ಚಿ ಹೇಳುತ್ತೇವೆ. ಕರೆ ಆಮೇಲೆ ಮಾಡಿ.

ಹಾಲು ಒಂದು ಚಮಚೆಯಷ್ಟು ಸಾಕು. ಹಾವು ಹಾಲು ಕುಡಿಯುವುದಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಿ. ನಮ್ಮ ಕಡೆಯ ಶರಣ ಪರಂಪರೆಯ ಮಠಗಳು ಹಾಲನ್ನು ಮಕ್ಕಳಿಗೆ ಕುಡಿಸಿರಿ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಉಳಿದ ಹಾಲು ಕಾಸಿ, ಬಾದಾಮಿ ಹಾಕಿ, ಶೆಡ್ಡಿನ ಮಕ್ಕಳಿಗೆ ಒಯ್ಯುವುದು ನಮ್ಮ ರೂಢಿ. ಬುಟ್ಟಿಯಲ್ಲಿ ಹಾವು ಹಿಡಿದು ಬಾಗಿಲಿಗೆ ಬರುವವರಿಗೆ ದುಡ್ಡು ಕೊಡಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು ಹಿಡಿದು ಆಡಿಸುವುದು ಅಪರಾಧ. ನಿಜವಾದ ನಾಗಪ್ಪನನ್ನು ನೋಡಬೇಕೆಂದರೆ ಮುಂದಿನ ಭಾನುವಾರ ಕಾತ್ರಜಕ್ಕೆ ಹೋಗಿ. ಅಲ್ಲಿಯ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದಲ್ಲಿ 1986ರಲ್ಲಿ ಶುರುವಾದ ಸರ್ಪೋದ್ಯಾನವಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನು ಗುರುತು ಹಿಡಿಯುವುದನ್ನು ಮಕ್ಕಳಿಗೆ ಕಲಿಸಿ. ರಜೆಗೆ ಅಜ್ಜನ ಹೊಲಕ್ಕೆ ಹೋದಾಗ ಕೆಲಸಕ್ಕೆ ಬರುತ್ತದೆ.

8. ಬೇರೆಯವರ ಐದನೆಯ ದಿನವನ್ನೂ ಕೇಳಿ ತಿಳಿಯಿರಿ

2019ರಲ್ಲಿ ನಮ್ಮ ಕಟ್ಟಡದಲ್ಲಿ ಒಂದು ಚೀನೀ ಕುಟುಂಬವಿತ್ತು. ಗಂಡನಿಗೆ ಚಾಕಣದ ಕಡೆ ಕಾರ್ಖಾನೆಯಲ್ಲಿ ಕೆಲಸ. ಜೂನಿನಲ್ಲಿ ಒಂದು ದಿನ ಆ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದು, ಬಿದಿರಿನ ಎಲೆಯಲ್ಲಿ ಮೂಲೆಮೂಲೆಯಾಗಿ ಸುತ್ತಿ ದಾರ ಕಟ್ಟಿದ ಒಂದು ಕಟ್ಟು ಕೊಟ್ಟಳು. ಒಳಗೆ ಜಿಗುಟಕ್ಕಿಯ ಅನ್ನ, ನಡುವೆ ನಮ್ಮ ಬಾರಿಹಣ್ಣಿನ ಜಾತಿಯ ಸಿಹಿ ಹಣ್ಣು. ಎಲೆಗಳನ್ನು ಅವಳ ಅತ್ತೆ ಒಣಗಿಸಿ ಕೊಟ್ಟು ಕಳಿಸಿದ್ದರಂತೆ. ಅದರ ಹೆಸರು ತ್ಸೊಂಗ್‌ತ್ಸು, ಹಬ್ಬದ ಹೆಸರು ತ್ವಾನ್‌ವು. ದೋಣಿಗಳ ಪಂದ್ಯ ನಡೆಯುವ ಹಬ್ಬವೆಂದು ಜಗತ್ತಿಗೆ ಪರಿಚಯ, 2009ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿದೆ. ಹೊಳೆಗೆ ಹಾರಿ ಪ್ರಾಣ ಬಿಟ್ಟ ಛ್ಯು ಯುವಾನ್ ಎಂಬ ಕವಿಯ ನೆನಪಿಗೆ ಎಂದು ಕಥೆ. ಅವನ ದೇಹ ಮೀನಿನ ಪಾಲಾಗದಿರಲೆಂದು ಜನ ನೀರಿಗೆ ಅನ್ನ ಹಾಕಿದರಂತೆ.

ಫೋನಿನ ಸಹಾಯದಿಂದ ಮಾತಾಡುತ್ತ ಕೂತೆವು. ಹಬ್ಬ ಬರುವುದು ಅವರ ಐದನೆಯ ತಿಂಗಳ ಐದನೆಯ ದಿನ. ನಾನು ಬೆರಳು ಮಡಿಚಿ ಚೈತ್ರದಿಂದ ಎಣಿಸಿದೆ. ಶ್ರಾವಣ ನಮ್ಮ ಐದನೆಯ ತಿಂಗಳು, ಪಂಚಮಿ ಅದರ ಐದನೆಯ ದಿನ. ಅವರ ವರ್ಷ ನಮಗಿಂತ ಮೊದಲು ಹುಟ್ಟುವುದರಿಂದ ಆ ಸಲ ಅವರದು ಜೂನ್ 7ಕ್ಕೆ, ನಮ್ಮದು ಆಗಸ್ಟ್ 5ಕ್ಕೆ. ಅವರಲ್ಲೂ ಅದು ವಿಷಜಂತುಗಳು ಹೊರಬೀಳುವ ಕಾಲ. ಹಾವು, ಚೇಳು, ಜರಿ ಮೊದಲಾದ ಐದು ವಿಷಜಂತುಗಳಿಂದ ಕಾಪಾಡೆಂದು ಬಾಗಿಲಿಗೆ ಬಜೆಯ ಎಲೆ ಕಟ್ಟುತ್ತಾರೆ, ಮಕ್ಕಳ ಕೈಗೆ ಐದು ಬಣ್ಣದ ದಾರ ಕಟ್ಟುತ್ತಾರೆ. ನಾವು ಕೂಸಿಗೆ ತೇಯ್ದು ನೆಕ್ಕಿಸುವ ಬಜೆ ಬೇರು ತೋರಿಸಿದೆ. ಮೂಸಿ ನೋಡಿ ಅವಳು ಕಣ್ಣರಳಿಸಿದಳು. ಅವಳ ಕಡೆ ಅಂದು ಮದುವೆಯಾದ ಹೆಣ್ಣುಮಕ್ಕಳು ಅವ್ವನ ಮನೆಗೆ ಹೋಗುತ್ತಾರಂತೆ. ಅವಳು ಹೋಗಿರಲಿಲ್ಲ.

ಎರಡು ತಿಂಗಳ ಮೇಲೆ ನಮ್ಮ ಪಂಚಮಿ ಬಂದಾಗ ಮಗ ಮೊದಲು ಕರೆಯಲು ಹೋದದ್ದು ಅವಳ ಬಾಗಿಲಿಗೆ. ಅಳ್ಳಿಟ್ಟಿನ ಉಂಡಿ ಅವಳಿಗೆ ಬಹಳ ಹಿಡಿಸಿತು. ಮರುವರ್ಷದ ಹೊತ್ತಿಗೆ ಅವರು ತಮ್ಮ ಊರಿಗೆ ಮರಳಿದ್ದರು. ಆ ಹೆಣ್ಣುಮಗಳು ನನ್ನ ಮಗಳ ಕೈಗೆ ಕಟ್ಟಿದ ಐದು ಬಣ್ಣದ ದಾರ ಬಹಳ ದಿನ ಹಾಗೇ ಇತ್ತು, ಮಗಳು ಬಿಚ್ಚಲು ಬಿಡಲಿಲ್ಲ. ದೂರದಲ್ಲಿ ಹಬ್ಬ ಮಾಡುವವರು ಈ ಊರಿನಲ್ಲಿ ನಾವಷ್ಟೇ ಅಲ್ಲ. ಪಕ್ಕದ ಬಾಗಿಲಿನವರ ಹಬ್ಬ ಯಾವತ್ತು ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

9. ಬುತ್ತಿ ಎರಡೂ ಕಡೆ ಹೋಗಲಿ

ಊರಿನಿಂದ ರಾತ್ರಿ ಬಸ್ಸಿಗೆ ಹಾಕಿದ ಬುತ್ತಿ ಬೆಳಿಗ್ಗೆ ಸ್ವಾರಗೇಟಿನಲ್ಲೋ ಕಾತ್ರಜದಲ್ಲೋ ಸಿಗುತ್ತದೆ. ಉಂಡಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟು ನಡುವಿನ ಸಂದಿಗೆ ಚುರಮುರಿ ತುಂಬಲು ಹೇಳಿ. ಉಂಡಿ ಒಡೆಯುವುದಿಲ್ಲ, ಚುರಮುರಿಯೂ ತಿನ್ನಲು ಬರುತ್ತದೆ. ಇಲ್ಲಿಂದಲೂ ಅವ್ವನಿಗೆ ಕಳಿಸಿ. ಮಗಳ ಕೈಯ ಉಂಡಿಯನ್ನು ಓಣಿಗೆಲ್ಲ ಹಂಚುವ ಸುಖ ಅವಳಿಗೂ ಬೇಕು.

10. ಕರೆಯುವ ಪಟ್ಟಿ ಪ್ರತಿ ವರ್ಷ ಹೊಸದು

ಕಟ್ಟಡ ಮುಗಿದರೆ ಶೆಡ್ಡು ಕಿತ್ತುಹೋಗುತ್ತದೆ. ಹೋದ ವರ್ಷ ರೊಟ್ಟಿ ಕೊಟ್ಟವಳು ಈ ವರ್ಷ ಯಾವ ಸೈಟಿನಲ್ಲಿದ್ದಾಳೋ. ಪಿ.ಜಿ.ಯ ಹುಡುಗಿ ಬೆಂಗಳೂರಿಗೆ ಹೋಗಿರುತ್ತಾಳೆ, ಇಲ್ಲವೇ ಮದುವೆಯಾಗಿರುತ್ತಾಳೆ. 2024ರ ಜುಲೈ 25ರಂದು ಮುಠಾ ಹೊಳೆಯ ನೀರು ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನುಗ್ಗಿತು; ಎರಡು ವಾರಕ್ಕೆ ಪಂಚಮಿ. ಆ ವರ್ಷ ನಾವು ಉಂಡಿ ಕಡಿಮೆ ಮಾಡಿ, ರೊಟ್ಟಿ ಹಿಂಡಿ ಹೆಚ್ಚು ಮಾಡಿ ಆ ಕಡೆ ಒಯ್ದೆವು. ನೆಲ ಇನ್ನೂ ಒದ್ದೆಯಿದ್ದ ಮನೆಗಳಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಕಟಕಟಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಪಂಚಮಿಯ ಹೊತ್ತಿಗೆ ಯಾರ ಮನೆಯಲ್ಲಿ ಕಷ್ಟವಿದೆಯೋ ಅವರ ಹೆಸರು ಪಟ್ಟಿಯ ಮೇಲ್ತುದಿಗೆ ಬರಬೇಕು.

ಹಾಗೆಯೇ, ಊರಿಗೆ ಹೋಗಲು ಸಾಧ್ಯವಾದ ವರ್ಷ ಹೋಗಿಬಿಡಿ. ಇಲ್ಲಿ ಇಷ್ಟೆಲ್ಲ ಏರ್ಪಾಡು ಇದೆ ಎಂದು ತವರಿನ ಕರೆಯನ್ನು ತಳ್ಳಬೇಡಿ. ಅವ್ವ ಇರುವವರೆಗೆ ಅವಳ ಕರೆಯೇ ಮುಂದು. ನಾನು ಹೋದ ವರ್ಷಗಳಲ್ಲಿ ಇಲ್ಲಿಯ ಕರೆಯುವ ಕೆಲಸವನ್ನು ಧಾರವಾಡದ ಹುಡುಗಿಯೊಬ್ಬಳು ಹೊತ್ತಳು, ಮೂರು ಬಗೆಯ ಉಂಡಿಯನ್ನೂ ಮಾಡಿದಳು.

2026ರ ಪಂಚಮಿ ಆಗಸ್ಟ್ 17, ಸೋಮವಾರ. ಅಧಿಕ ಜ್ಯೇಷ್ಠ ಬಂದಿರುವುದರಿಂದ ಮತ್ತೆ ಆಗಸ್ಟಿಗೆ ಸರಿದಿದೆ. ಹಿಂದಿನ ದಿನ ಭಾನುವಾರವಾದ್ದರಿಂದ ರೊಟ್ಟಿ ಹಬ್ಬವನ್ನು ಆವತ್ತೇ ಇಟ್ಟುಕೊಳ್ಳುವುದು ಅನುಕೂಲ, ಪಿ.ಜಿ.ಯ ಹುಡುಗಿಯರೂ ಬೆಳಿಗ್ಗೆಯೇ ಬಂದು ಕೈಹಚ್ಚಬಹುದು. ಸೋಮವಾರದ ರಜೆಗೆ ಈಗಲೇ ಅರ್ಜಿ ಹಾಕಿ. ಮಂಡಈಯಲ್ಲಿ ಲಾಹ್ಯಾ ಹೊಸದಾಗಿ ಬೀಳುವುದು ಶ್ರಾವಣ ಹುಟ್ಟಿದ ಮೇಲೆ, ಅಂದರೆ ಆಗಸ್ಟ್ 13ರ ಗುರುವಾರದಿಂದ. ಗುರುವಾರ ಹೋಗಿ ತಂದು, ಶುಕ್ರವಾರ ಬೀಸಿ, ಆ ಸಂಜೆಯೇ ಉಂಡಿ ಕಟ್ಟಿ ಮುಗಿಸಿದರೆ ಶನಿವಾರ ಇಡೀ ದಿನ ಹುಡುಗರ ಜೊತೆ ಕರೆಯಲು ಹೋಗಲು ಸಿಗುತ್ತದೆ.